ಬುಧವಾರ ಬೈಯುವವರ ಊರಿನಲ್ಲಿ

ಹೊಸ ತಿಪ್ಪಸಂದ್ರ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರು ಮೊದಲು ಕೇಳುವುದು ಸಿಂಹ ಕಂಡಿತೇ ಎಂದು. ಕಾಣಲಿಲ್ಲ. ಹದಿನೆಂಟು ದಿನ ನೈರೋಬಿಯಲ್ಲಿದ್ದು ತಗಡು ಬಡಿಯುವವರನ್ನು ಕಂಡೆ, ಮೀನು ಮಾರುವ ಹೆಂಗಸೊಬ್ಬಳನ್ನು ಕಂಡೆ, ಮೂವತ್ತು ಜನರ ಎದುರಿಗೆ ಬೈಸಿಕೊಂಡು ಬಂದೆ. ಸಿಂಹವನ್ನು ಬನ್ನೇರುಘಟ್ಟದಲ್ಲೂ ನೋಡಬಹುದು. ಅಂಥ ಬೈಗುಳ ಮಾತ್ರ ನನಗೆ ಬೆಂಗಳೂರಿನಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

ನನ್ನ ವಿಚಾರ ಮೊದಲೇ ಹೇಳಿಬಿಡುತ್ತೇನೆ. ಹೆಸರು ಮುನಿರಾಜು. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಲೇಔಟ್ ಆಗಿ, ಮಾರಿ, ಹಂಚಿ, ಕೊನೆಗೆ ಒಂದು ಸೈಟು ಉಳಿದಿತ್ತು. ತೊಂಬತ್ತನೇ ಇಸವಿಯಲ್ಲಿ ಅದರಲ್ಲಿ ಒಂದು ಶೀಟಿನ ಶೆಡ್ ಹಾಕಿದೆ. ಪೋಲಿಯೋ ಬಂದು ಕಾಲು ಸೊರಗಿದವರಿಗೆ ಕ್ಯಾಲಿಪರ್ ಮಾಡಿಕೊಡುವ ಶೆಡ್. ಕ್ಯಾಲಿಪರ್ ಎಂದರೆ ಬೂಟಿನಿಂದ ತೊಡೆಯವರೆಗೆ ಕಾಲಿನ ಎರಡೂ ಬದಿಗೆ ಬರುವ ಉಕ್ಕಿನ ಸರಳು, ಅಲ್ಲಲ್ಲಿ ಚರ್ಮದ ಪಟ್ಟಿ, ಮೊಣಕಾಲ ಹತ್ತಿರ ಒಂದು ಚಿಲಕ. ಚಿಲಕ ಹಾಕಿದರೆ ಕಾಲು ನೆಟ್ಟಗೆ ನಿಲ್ಲುತ್ತದೆ, ತೆಗೆದರೆ ಮಡಚುತ್ತದೆ. ಉಕ್ಕಿನ ಕೆಲಸ ನನ್ನದು, ಚರ್ಮದ ಕೆಲಸ ಶಿವಾಜಿನಗರದ ಸೆಲ್ವಂನದು. ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆಗೆ ಕೈ ಪಳಗಿದ್ದರಿಂದ ನನ್ನ ಕ್ಯಾಲಿಪರಿನ ಕೀಲು ಕಿರುಗುಟ್ಟಿದ್ದೇ ಇಲ್ಲ. ಯಾರ ಹತ್ತಿರವೂ ನಾವು ಕಾಸು ಮುಟ್ಟುತ್ತಿರಲಿಲ್ಲ. ಖರ್ಚನ್ನೆಲ್ಲ ಯುರೋಪಿನ ಯಾವುದೋ ಚಳಿದೇಶದ ಟ್ರಸ್ಟಿನವರು ಕಳಿಸುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಬಂದು ನಿನ್ನ ಕೆಲಸ ಸರಿಯಿಲ್ಲ ಎಂದಿರಲಿಲ್ಲ. ನಾನು ಅದನ್ನೇ ದೊಡ್ಡ ಸರ್ಟಿಫಿಕೇಟ್ ಎಂದುಕೊಂಡು ಬೀಗುತ್ತಿದ್ದೆ.

ಆಮೇಲೆ ಆ ಕಾಗದ ಬಂತು. ಇನ್ನು ಒಂದು ವರ್ಷ ಮಾತ್ರ ಹಣ ಕಳಿಸುತ್ತೇವೆ, ಅಷ್ಟರಲ್ಲಿ ನಿಮ್ಮ ಸಂಸ್ಥೆ ತನ್ನ ದುಡಿಮೆಯಲ್ಲೇ ನಡೆಯುವಂತಾಗಬೇಕು, ಅದು ಹೇಗೆ ಎಂದು ನೋಡಲು ನೈರೋಬಿಯ ಒಂದು ವರ್ಕ್‌ಶಾಪಿಗೆ ಹೋಗಿ ಬನ್ನಿ, ಟಿಕೆಟ್ ನಮ್ಮದು ಎಂದು ಬರೆದಿದ್ದರು. ನನಗೆ ಪಿತ್ತ ನೆತ್ತಿಗೇರಿತು. ದಾನ ಮಾಡುವ ಜಾಗದಲ್ಲಿ ಅಂಗಡಿ ಇಡು ಎಂದು ಹೇಳಿದ ಹಾಗಾಯಿತು.

ಸೆಲ್ವಂ ಕಾಗದವನ್ನು ಓದಿಸಿಕೊಂಡು ತಲೆ ಅಲ್ಲಾಡಿಸಿದ. "ಅಣ್ಣೇ, ನಮ್ಮತ್ರ ಬರೋರೆಲ್ಲಾ ಪಾವಂ, ಪಾಪದೋರು. ಕಾಸು ಕೇಳಿದ್ರೆ ಒಬ್ರೂ ಬರಲ್ಲ ನೋಡಿ."

ನನ್ನ ತಮ್ಮ ನಾರಾಯಣನ ಲೆಕ್ಕವೇ ಬೇರೆ. ಸೈಟು ಇಬ್ಬರ ಹೆಸರಿನಲ್ಲೂ ಇದೆ. ಸಿ.ವಿ. ರಾಮನ್ ನಗರದ ಕಡೆ ಕಂಪ್ಯೂಟರ್ ಕಂಪನಿಗಳು ಬಂದ ಮೇಲೆ ನಮ್ಮ ಬೀದಿಯಲ್ಲಿ ಬಾಡಿಗೆ ರೂಮುಗಳದ್ದೇ ಮಾತು. "ಒಂದ್ ವರ್ಷ ನೋಡ್ತೀನಿ ಅಣ್ಣ. ಆಮೇಲೂ ನಿನ್ನ ಶೆಡ್ ನೀನೇ ನಡೆಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಕೆಡವಿ ಪಿಜಿ ಕಟ್ಸೋಣ. ಬೇಜಾರ್ ಮಾಡ್ಕೋಬೇಡ" ಎಂದ. ಅವನು ಕೆಟ್ಟವನಲ್ಲ, ಹದಿನಾಲ್ಕು ವರ್ಷ ಸುಮ್ಮನಿದ್ದವನು. ಹಾಗಾಗಿ ಶೆಡ್ ಉಳಿಸಿಕೊಳ್ಳಬೇಕಾದರೆ ನನಗೆ ಆಫ್ರಿಕಾಕ್ಕೆ ಹೋಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ನಡುದಾರಿಯ ಏರ್‌ಪೋರ್ಟ್

ಅಲ್ಲಿಯವರಿಗೆ ತೋರಿಸಲೆಂದು ನನ್ನ ಕೈಯಾರೆ ಮಾಡಿದ ಒಂದು ಕ್ಯಾಲಿಪರನ್ನು ಬಗಲುಚೀಲದಲ್ಲಿ ಇಟ್ಟುಕೊಂಡಿದ್ದೆ. ವಿಮಾನ ಬದಲಿಸುವ ಊರಿನಲ್ಲಿ ಚೀಲ ತಪಾಸಣೆ ಮಾಡಿದ ಯುವಕ ಅದನ್ನು ಹೊರತೆಗೆದು, "ಯಾರದ್ದು?" ಎಂದು ಕೇಳಿದ. ನನ್ನದು ಎಂದೆ. ಅವನ ಮುಖ ಬೆಣ್ಣೆಯ ಹಾಗೆ ಕರಗಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಗಾಲಿಕುರ್ಚಿ ಬಂತು, ಇಬ್ಬರು ನನ್ನ ರಟ್ಟೆ ಹಿಡಿದು ಕೂರಿಸಿದರು, ಕ್ಯಾಲಿಪರನ್ನು ನನ್ನ ತೊಡೆಯ ಮೇಲಿಟ್ಟು ತಳ್ಳಿಕೊಂಡು ಹೊರಟೇಬಿಟ್ಟರು.

ನಾನು ಶೌಚಾಲಯಕ್ಕೆ ಹೋಗಬೇಕಿತ್ತು. ಆದರೆ ಅವರು ಎಷ್ಟು ಪ್ರೀತಿಯಿಂದ ತಳ್ಳುತ್ತಿದ್ದರೆಂದರೆ ಹೇಳಲು ನಾಚಿಕೆಯಾಯಿತು. ಈಗ ಎದ್ದು ನಡೆದರೆ ಮೋಸಗಾರ ಎಂದುಕೊಂಡಾರು ಎಂಬ ಭಯ ಬೇರೆ. ಎಲ್ಲರಿಗಿಂತ ಮೊದಲು ವಿಮಾನದ ಬಾಗಿಲಿಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಜನ ನನ್ನನ್ನು ನೋಡಿ ಮುಗುಳ್ನಕ್ಕರು. ಎಲ್ಲಿಗೆ ಹೋಗಬೇಕು, ಏನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ವಿಮಾನ ಮೇಲೇರಿ ಬೆಲ್ಟಿನ ದೀಪ ಆರಿದ ಕೂಡಲೇ ನಾನು ಎದ್ದು ಓಡಿದ ವೇಗ ನೋಡಿ ಪಕ್ಕದ ಸೀಟಿನ ಗುಜರಾತಿ ಯಜಮಾನರು ಬೆರಗಾದರು. ದೇವರ ದಯೆ ಎಂದು ಕೈ ಮುಗಿದರು.

ನೈರೋಬಿ, ಮೊದಲ ಬೆಳಗು

ಆಫ್ರಿಕಾ ಎಂದರೆ ಬೆಂಕಿಯಂಥ ಸೆಕೆ ಎಂದುಕೊಂಡು ನಾನು ಬರೀ ತೆಳು ಅಂಗಿ ಒಯ್ದಿದ್ದೆ. ಜುಲೈ ತಿಂಗಳ ನೈರೋಬಿಯಲ್ಲಿ ಹಲ್ಲು ಕಟಕಟ ಎಂದವು. ನಮ್ಮ ಊರಿಗಿಂತ ಎತ್ತರದ ಊರು ಅದು. ಕೆಂಪು ಮಣ್ಣು, ರಸ್ತೆಯ ಬದಿ ಜಕರಂದ ಮರ, ಹಳೇ ಬ್ರಿಟಿಷ್ ಬಂಗಲೆಗಳು, ಅದರ ಪಕ್ಕಕ್ಕೆ ಒಂದಕ್ಕೊಂದು ಅಂಟಿಕೊಂಡ ತಗಡಿನ ಮನೆಗಳು. ದಂಡು ಪ್ರದೇಶವನ್ನು ಯಾರೋ ಎತ್ತಿಕೊಂಡು ಬಂದು ಇಲ್ಲಿ ಇಟ್ಟಿದ್ದಾರೆ ಅನ್ನಿಸಿತು.

ನನ್ನನ್ನು ಕರೆದುಕೊಂಡು ಹೋಗಲು ಬಂದವಳು ವಂಜಿರು. ನಾನು ಹೋಗಬೇಕಿದ್ದ ವರ್ಕ್‌ಶಾಪನ್ನು ನಡೆಸುವವಳೇ ಅವಳು. ನಲವತ್ತರ ಆಸುಪಾಸು, ದಪ್ಪ ಕನ್ನಡಕ, ಬಲಗಾಲಿಗೆ ಕ್ಯಾಲಿಪರ್. ಕೈಕೊಟ್ಟವಳೇ ಮೊದಲು ನನ್ನ ಚೀಲದಿಂದ ಇಣುಕುತ್ತಿದ್ದ ಕ್ಯಾಲಿಪರನ್ನು ಎಳೆದು ಕೀಲನ್ನು ಮಡಚಿ, ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಕೇಳಿದಳು. ಅವಳ ಇಂಗ್ಲಿಷು, ನನ್ನ ಕಾರ್ಖಾನೆ ಇಂಗ್ಲಿಷು ಎರಡನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಶಬ್ದಾನೇ ಇಲ್ಲ! ವಾಚ್ ಇದ್ದಂಗಿದೆ" ಎಂದಳು. ನಾನು ಉಬ್ಬಿಹೋದೆ. ಅವಳು ಕೂಡಲೇ, "ಹಾಕ್ಕೊಂಡೋರು ಏನಂತಾರೆ?" ಎಂದು ಕೇಳಿದಳು. ಎಲ್ಲರಿಗೂ ಸಂತೋಷ ಎಂದೆ. "ಎಲ್ರಿಗೂನಾ?" ಎಂದು ಕನ್ನಡಕದ ಮೇಲಿಂದ ನೋಡಿದಳು, ಅಷ್ಟೇ.

ಬೆಳಗಿನ ತಿಂಡಿಗೆ ಬಟ್ಟಲಿನಲ್ಲಿ ಕಂದು ಬಣ್ಣದ ಗಂಜಿ ತಂದಿಟ್ಟರು. ಬಾಯಿಗಿಟ್ಟರೆ ರಾಗಿ! ಸಕ್ಕರೆ, ನಿಂಬೆರಸ ಹಾಕಿದ ಅಂಬಲಿ. ಇದು ಎಲ್ಲಿಂದ ಬಂತು ಎಂದು ಕೇಳಿದರೆ ವಂಜಿರು ನನ್ನನ್ನೇ ವಿಚಿತ್ರವಾಗಿ ನೋಡಿದಳು. ರಾಗಿ ಅವರದ್ದೇ ಅಂತೆ, ಸಾವಿರಾರು ವರ್ಷದಿಂದ ಅಲ್ಲಿ ಬೆಳೆಯುತ್ತಾರಂತೆ, ನಮ್ಮ ಕಡೆಗೆ ಬಂದದ್ದು ಅಲ್ಲಿಂದಲೇ ಅಂತೆ. ತಾತನ ಹೊಲದ ಬೆಳೆ ನಮ್ಮದೇ ಎಂದು ಎದೆ ತಟ್ಟಿಕೊಂಡು ಬೆಳೆದವನು ನಾನು. ಎರಡು ಬಟ್ಟಲು ಕುಡಿದು ಸುಮ್ಮನಾದೆ. ಮಧ್ಯಾಹ್ನ ಮೆಕ್ಕೆಜೋಳದ ಬಿಳಿ ಮುದ್ದೆ, ಸೊಪ್ಪಿನ ಪಲ್ಯ. ನಾನು ರೂಢಿಯಂತೆ ತುತ್ತನ್ನು ಗುಳಕ್ಕನೆ ನುಂಗಿದ್ದು ನೋಡಿ ಮೇಜಿನ ಸುತ್ತ ಇದ್ದವರೆಲ್ಲ ಊಟ ನಿಲ್ಲಿಸಿದರು. ಅವರು ಅಗಿಯುತ್ತಾರೆ. ಇನ್ನೊಂದು ಸಲ ನುಂಗಿ ತೋರಿಸು ಎಂದು ಪಕ್ಕದ ರೂಮಿನವರನ್ನೂ ಕರೆದರು.

ಕಾಮುಕುಂಜಿ

ಎರಡನೇ ದಿನ ಉಕ್ಕು ಕೊಳ್ಳಲು ವಂಜಿರು ನನ್ನನ್ನು ಕಾಮುಕುಂಜಿಗೆ ಕರೆದುಕೊಂಡು ಹೋದಳು. ನಮ್ಮ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಹತ್ತು ಪಾಲು ದೊಡ್ಡದು ಮಾಡಿ, ಮೇಲಿನ ಚಾವಣಿ ಕಿತ್ತು ಬಿಸಾಡಿದರೆ ಹೇಗಿರುತ್ತದೋ ಹಾಗಿದೆ. ಬಯಲಿನಲ್ಲೇ ಕುಳಿತು ಕೆಲಸ ಮಾಡುವ ಈ ಕಸುಬುದಾರರನ್ನು ಅಲ್ಲಿ ಜುವಾ ಕಾಲಿ ಎನ್ನುತ್ತಾರೆ, ಉರಿಬಿಸಿಲು ಎಂದು ಅರ್ಥ. ಸಾವಿರ ಸುತ್ತಿಗೆ ಒಟ್ಟಿಗೆ ಬೀಳುವ ಸದ್ದು. ಹಳೇ ಎಣ್ಣೆ ಡ್ರಮ್ಮನ್ನು ಸೀಳಿ ಒಬ್ಬ ಪೆಟ್ಟಿಗೆ ಮಾಡುತ್ತಿದ್ದ, ಇನ್ನೊಬ್ಬ ಲಾರಿಯ ಸ್ಪ್ರಿಂಗಿನಿಂದ ಮಚ್ಚು ಮಾಡುತ್ತಿದ್ದ. ಅಳತೆಗೋಲು ಇಲ್ಲ, ಡ್ರಾಯಿಂಗ್ ಇಲ್ಲ. ನಾನು ಬೇಕೆಂದೇ ನನ್ನ ಜೇಬಿನ ಅಳತೆಯ ಉಪಕರಣ ತೆಗೆದು ಒಬ್ಬ ಮುದುಕ ಬಡಿದ ಎರಡು ಕೀಲುಗಳನ್ನು ಅಳೆದು ನೋಡಿದೆ. ಎರಡಕ್ಕೂ ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ನಾನು ಅಲ್ಲೇ ಬಗ್ಗಿ ಅವನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವನಿಗೆ ಅರ್ಥವಾಗದೆ, ಬೆಲೆ ಇಳಿಸಲು ನಾಟಕ ಎಂದುಕೊಂಡು, ಒಂದು ಕಾಸೂ ಇಳಿಸುವುದಿಲ್ಲ ಎಂದ.

ವಂಜಿರು ಅಲ್ಲಿ ಕೊಂಡಳು ಅಷ್ಟೇ ಅಲ್ಲ, ಮಾರಿದಳು ಕೂಡ. ಅವಳ ವರ್ಕ್‌ಶಾಪು ಬೆಳಗ್ಗೆಯೆಲ್ಲ ಮಾಡುವುದು ಮಾರುಕಟ್ಟೆಯ ತಳ್ಳುಗಾಡಿ, ಆಸ್ಪತ್ರೆಯ ಮಂಚ, ಶಾಲೆಯ ಬೆಂಚು. ಅವೆಲ್ಲ ಪೂರ್ತಿ ಬೆಲೆಗೆ. ಮಧ್ಯಾಹ್ನದ ಮೇಲೆ ಅದೇ ಕುಲುಮೆಯಲ್ಲಿ ಕ್ಯಾಲಿಪರ್, ಊರುಗೋಲು, ಮೂರುಗಾಲಿ ಸೈಕಲ್. ಕೆಲಸಗಾರರು ಇಪ್ಪತ್ತೆರಡು ಮಂದಿ, ಅರ್ಧಕ್ಕರ್ಧ ಜನ ಅಲ್ಲೇ ಮಾಡಿದ ಕ್ಯಾಲಿಪರ್ ಹಾಕಿಕೊಂಡೇ ನಿಂತು ಬೆಸುಗೆ ಹಾಕುತ್ತಾರೆ. ಹೊರದೇಶದ ಹಣ ನಿಂತು ಆರು ವರ್ಷವಾಗಿದೆಯಂತೆ. ನಿಂತದ್ದನ್ನು ಅವಳು ಹೇಳಿದ್ದು ಜ್ವರ ಬಿಟ್ಟಿತು ಎನ್ನುವ ಧಾಟಿಯಲ್ಲಿ.

ಇಲ್ಲಿ ಯಾರಿಗೂ ಪುಕ್ಕಟೆ ಇಲ್ಲ

ನನ್ನನ್ನು ಕಾಡುತ್ತಿದ್ದ ಪ್ರಶ್ನೆಯನ್ನು ಮೂರನೇ ದಿನ ಕೇಳಿಯೇಬಿಟ್ಟೆ. ಕೊಡಲಾರದವರು ಏನು ಮಾಡುತ್ತಾರೆ? ಬಡವರ ಹತ್ತಿರ ಕಾಸು ಕೀಳಲು ನಿನಗೆ ಮನಸ್ಸಾದರೂ ಹೇಗೆ ಬರುತ್ತದೆ?

ವಂಜಿರು ಬೇಸರ ಮಾಡಿಕೊಳ್ಳಲಿಲ್ಲ. ಅಲ್ಲಿ ಮಾರುಕಟ್ಟೆಯ ಹೆಂಗಸರು ಗುಂಪು ಮಾಡಿಕೊಂಡು ತಿಂಗಳಿಗೊಮ್ಮೆ ಕೈಯಲ್ಲಾದಷ್ಟು ಹಾಕಿ ಸರದಿಯ ಮೇಲೆ ಒಬ್ಬೊಬ್ಬರು ಎತ್ತಿಕೊಳ್ಳುತ್ತಾರೆ, ಥೇಟ್ ನಮ್ಮ ಚೀಟಿಯ ಹಾಗೆ. ಹಾಗೆಯೇ ಕಾಲಿಗೂ ಚೀಟಿ ಇದೆ. ಈ ತಿಂಗಳು ಒಬ್ಬಳಿಗೆ ಕ್ಯಾಲಿಪರ್, ಮುಂದಿನ ತಿಂಗಳು ಇನ್ನೊಬ್ಬಳ ಮಗನಿಗೆ ಊರುಗೋಲು. ಚೀಟಿಗೂ ಆಗದವನು ವರ್ಕ್‌ಶಾಪಿನಲ್ಲಿ ಕೆಲವು ದಿನ ಕೆಲಸ ಮಾಡಿ ತೀರಿಸುತ್ತಾನೆ. ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ, ಯಾರಿಂದಲೂ ಏನೂ ಪಡೆಯದೆಯೂ ಕಳಿಸುವುದಿಲ್ಲ.

"ನಾನು ಚಿಕ್ಕೋಳಿದ್ದಾಗ ಮಿಷನ್‌ನೋರು ನಂಗೊಂದು ಪುಕ್ಕಟೆ ಕ್ಯಾಲಿಪರ್ ಕೊಟ್ರು" ಎಂದಳು. "ತೊಡೇಲಿ ರಕ್ತ ಬರ್ತಿತ್ತು. ಪ್ರತಿ ಭಾನುವಾರ ಅವರ ಮುಂದೆ ಹಾಕ್ಕೊಂಡು ನಗ್ತಾ ನಿಂತ್ಕೊಳ್ತಿದ್ದೆ. ಫೋಟೋ ತೆಗೀತಿದ್ರು. ಬೇಡ ಅನ್ನೋಕೆ ನಾನ್ಯಾರು? ದುಡ್ಡು ಕೊಟ್ಟೋಳಾಗಿದ್ರೆ ತಲೆ ಮೇಲೆ ಎಸೀತಿದ್ದೆ."

ನಾನು ನಗಲು ನೋಡಿದೆ, ಆಗಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಹಲ್ಲು ಕಚ್ಚಿಕೊಂಡಿದ್ದು ನೆನಪಾಯಿತು. ಆದರೂ ಒಳಗೊಳಗೇ, ಅದು ಆ ಮಿಷನ್‌ನವರ ಕೈಕೆಲಸದ ದೋಷ, ನನ್ನದು ಹಾಗಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೊದಲ ಬುಧವಾರ

ಬುಧವಾರ ಬೆಳಗ್ಗೆ ಕುಲುಮೆ ಹಚ್ಚಲಿಲ್ಲ. ವರ್ಕ್‌ಶಾಪಿನ ಅಂಗಳದಲ್ಲಿ ಒಂದು ಉದ್ದ ಬೆಂಚು ಹಾಕಿ ಕೆಲಸಗಾರರೆಲ್ಲ ಸಾಲಾಗಿ ಕುಳಿತರು, ವಂಜಿರು ಕೂಡ. ಎದುರಿಗೆ ಗಿರಾಕಿಗಳು. ಬೆಂಚಿನ ಮೇಲೆ ಕುಳಿತವರು ಬಾಯಿ ತೆರೆಯುವ ಹಾಗಿಲ್ಲ ಎಂಬುದು ನಿಯಮ. ಕ್ಷಮಿಸಿ ಎನ್ನುವ ಹಾಗೂ ಇಲ್ಲ, ಏಕೆಂದರೆ ಕ್ಷಮೆ ಕೇಳಿದ ಕೂಡಲೇ ಬೈಯುವವರ ಬಾಯಿ ಕಟ್ಟಿಹೋಗುತ್ತದಂತೆ. ಕೇಳಿಸಿಕೊಳ್ಳಬೇಕು, ಬರೆದುಕೊಳ್ಳಬೇಕು, ಮುಂದಿನ ಬುಧವಾರದೊಳಗೆ ಸರಿಮಾಡಬೇಕು.

ಅಬ್ಬಾ, ಅದೊಂದು ನೋಟ! ನನಗೆ ತಿಳಿಯದ ಮಾತನ್ನು ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಒಬ್ಬ ಮೇಷ್ಟರು ತಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿ ಕುಟ್ಟಿ ತರಗತಿಯಲ್ಲಿ ಬೈದ ಹಾಗೆ ಬೈದರು. ಒಬ್ಬ ಟ್ಯಾಕ್ಸಿ ಡ್ರೈವರ್ ಸೈಕಲ್ಲಿನ ಚೈನನ್ನು ಬೆಸುಗೆಯವನ ಮಡಿಲಿಗೇ ಹಾಕಿದ. ಎಪ್ಪತ್ತರ ಅಜ್ಜಿಯೊಬ್ಬಳು, ನಿನ್ನ ಪಟ್ಟಿ ಕಚ್ಚುತ್ತದೆ, ನನ್ನ ಗಂಡನೂ ಇಷ್ಟು ಕಚ್ಚಿರಲಿಲ್ಲ ಎಂದಾಗ ಇಡೀ ಅಂಗಳ ನಕ್ಕಿತು. ಬೆಂಚಿನ ಮೇಲಿದ್ದವರು ಮಾತ್ರ ತಲೆ ತಗ್ಗಿಸಿ ಬರೆದುಕೊಂಡರು. ಅರ್ಧಕ್ಕರ್ಧ ಜನ ಕಾಲಿಗೆ ಉಕ್ಕು ಕಟ್ಟಿಕೊಂಡವರು, ಆದರೆ ಒಬ್ಬರ ಮುಖದಲ್ಲೂ ದೈನ್ಯ ಕಾಣಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸೀರೆಯ ಬಣ್ಣ ಹೋಯಿತೆಂದು ಅಂಗಡಿಯವನನ್ನು ಬೀದಿಗೆಳೆಯುವ ಗೃಹಿಣಿಯರ ಗತ್ತು ಅದು. ಹದಿನಾಲ್ಕು ವರ್ಷ ಈ ಕಸುಬಿನಲ್ಲಿದ್ದೂ ಅಂಥ ಗತ್ತನ್ನು ನಾನು ನಮ್ಮ ಶೆಡ್ಡಿನಲ್ಲಿ ಒಂದು ಸಲವೂ ನೋಡಿರಲಿಲ್ಲ.

ಬೈದು ಮುಗಿದ ಮೇಲೆ ಎಲ್ಲರಿಗೂ ಚಾಯ್, ಚಪಾತಿ. ಎರಡಕ್ಕೂ ಅಲ್ಲಿ ಅದೇ ಹೆಸರು. ಬೈದವರೂ ಬೈಸಿಕೊಂಡವರೂ ಒಂದೇ ತಟ್ಟೆಯಿಂದ ಹರಿದು ತಿಂದರು.

"ನೀನೂ ಒಂದು ಮಾಡು. ಮುಂದಿನ ಬುಧವಾರ ಬೆಂಚಿನ ಮೇಲೆ ಕೂತ್ಕೋ" ಎಂದಳು ವಂಜಿರು. ಖಂಡಿತ ಎಂದೆ. ಇವರಿಗೆಲ್ಲ ಕ್ಯಾಲಿಪರ್ ಎಂದರೇನೆಂದು ತೋರಿಸುತ್ತೇನೆ ಎಂಬ ಜಂಬ ನನಗೆ.

ಎರಡನೇ ಬುಧವಾರ

ನನ್ನ ಗಿರಾಕಿ ಅಕಿನ್ಯಿ. ಮಾರುಕಟ್ಟೆಯಲ್ಲಿ ಬೆರಳುದ್ದದ ಒಣಮೀನು ಮಾರುವವಳು, ಎಡಗಾಲು ಪೋಲಿಯೋದ್ದು. ಐದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದೆ. ಸರಳನ್ನು ಕನ್ನಡಿಯ ಹಾಗೆ ಉಜ್ಜಿದೆ. ಚಿಲಕ ಕಾರ್ಖಾನೆಯಲ್ಲಿ ಪಾಸಾಗುವಂತಿತ್ತು. ಸೋಮವಾರ ಅವಳಿಗೆ ತೊಡಿಸಿದಾಗ ಕೆಲಸಗಾರರೆಲ್ಲ ಸುತ್ತ ನೆರೆದು ತಡವಿ ತಡವಿ ನೋಡಿದರು.

ಬುಧವಾರ ಅವಳು ಅಂಗಳಕ್ಕೆ ಬಂದು ಬೆಂಚಿನ ಮೇಲಿದ್ದ ನನ್ನ ಎದುರಿಗೇ ನಿಂತಳು. ಸೊಂಟದ ಮೇಲೆ ಕೈ. ಅವಳು ತನ್ನ ಭಾಷೆಯಲ್ಲಿ ಬೈದಳು, ವಂಜಿರು ಪಕ್ಕದಲ್ಲಿ ಕುಳಿತು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು, ಒಂದು ಮಾತನ್ನೂ ಬಿಡದೆ. ಅಷ್ಟಕ್ಕೆ ಮಾತ್ರ ಅವಳಿಗೆ ಬಾಯಿ ತೆರೆಯಲು ಅಪ್ಪಣೆಯಿತ್ತು.

"ಚೆನ್ನಾಗಿದೆ, ಮದುವೆಗೆ ಹಾಕ್ಕೊಂಡು ಹೋಗ್ಬಹುದು. ನಾನು ಮದುವೆಗೆ ಹೋಗಲ್ಲ, ಮೀನು ಮಾರ್ತೀನಿ. ಬೆಳಗ್ಗೆಯಿಂದ ನೂರು ಸಲ ಏಳ್ತೀನಿ, ನೂರು ಸಲ ಕೂರ್ತೀನಿ. ನಿನ್ನ ಚಿಲಕ ತೆಗೆಯೋಕೆ ಎರಡು ಕೈ ಬೇಕು. ನನ್ನ ಒಂದು ಕೈಲಿ ಮೀನು, ಇನ್ನೊಂದು ಕೈಲಿ ಗಿರಾಕಿಯ ಚಿಲ್ಲರೆ. ಮೂರನೇ ಕೈ ನೀನು ಕೊಡ್ತೀಯಾ? ನಾನು ಎಲ್ಲಿ ಕೂತ್ಕೊಂಡು ಕೆಲಸ ಮಾಡ್ತೀನಿ ಅಂತ ನೋಡೋಕೆ ಒಂದು ಸಲನಾದ್ರೂ ಬಂದ್ಯಾ? ನಿನ್ನ ಉಕ್ಕನ್ನೇ ಉಜ್ಜಿಕೊಂಡು ಕೂತಿದ್ದೆ!"

ಮೂವತ್ತು ವರ್ಷದ ಸರ್ವಿಸಿನಲ್ಲಿ ಫೋರ್‌ಮನ್ ಕೂಡ ನನ್ನನ್ನು ಹಾಗೆ ಮಾತನಾಡಿಸಿರಲಿಲ್ಲ. ಎದ್ದು ನಿಂತೆ. ವಂಜಿರು ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದಳು. ನಿಯಮ ನಿಯಮವೇ. ಕುಳಿತೆ. ಕುಳಿತ ಮೇಲೆ ಬೇರೆ ಕೆಲಸವಿಲ್ಲದೆ ಅವಳ ಮಾತನ್ನೇ ಇನ್ನೊಮ್ಮೆ ಮನಸ್ಸಿನಲ್ಲಿ ಕೇಳಿಸಿಕೊಂಡೆ. ಅದರಲ್ಲಿ ಒಂದಾದರೂ ಸುಳ್ಳು ಸಿಗುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ.

ಮಧ್ಯಾಹ್ನ ಅವಳ ಮಾರುಕಟ್ಟೆಗೆ ಹೋಗಿ ಮೀನಿನ ನಾತದ ನಡುವೆ ಎರಡು ತಾಸು ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ. ಮೋಟು ಸ್ಟೂಲಿನ ಮೇಲೆ ಕೂರಲು ಅವಳು ಬಗ್ಗುವಾಗ ಮೊಣಕೈ ತೊಡೆಯ ಪಕ್ಕಕ್ಕೆ ಬರುತ್ತಿತ್ತು. ಹಾಗಾದರೆ ಚಿಲಕ ಮೊಣಕೈಗೆ ಸಿಗಬೇಕು. ಕಾಮುಕುಂಜಿಯ ಆ ಮುದುಕನ ಹತ್ತಿರವೇ ಹೋಗಿ ಒಂದು ತಂತಿಯ ಕೊಕ್ಕೆ ಬಡಿಸಿದೆ. ಮೊಣಕೈಯಿಂದ ಎಳೆದರೆ ಚಿಲಕ ಬಿಚ್ಚುತ್ತದೆ, ನಿಂತರೆ ತಾನಾಗಿ ಬೀಳುತ್ತದೆ. ನೋಡಲು ಏನೂ ಚೆನ್ನಾಗಿರಲಿಲ್ಲ, ಕಾರ್ಖಾನೆಯಲ್ಲಾಗಿದ್ದರೆ ತಿಪ್ಪೆಗೆ ಎಸೆಯುತ್ತಿದ್ದರು. ಅಕಿನ್ಯಿ ಹಾಕಿಕೊಂಡು ಎದ್ದಳು, ಕುಳಿತಳು, ಎದ್ದಳು, ಕುಳಿತಳು. ಆಮೇಲೆ ಒಂದು ಹಿಡಿ ಒಣಮೀನನ್ನು ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಬಹುಮಾನ ಎಂದುಕೊಂಡೆ. ಅವಳು ಅದರ ಬೆಲೆ ಕೇಳಿದಳು. ಕೊಟ್ಟೆ. ಆ ದಿನ ನಾನು ಎಷ್ಟು ಸಂತೋಷವಾಗಿದ್ದೆನೆಂದರೆ ಅದನ್ನು ಹೇಳಿಕೊಳ್ಳಲು ಅಲ್ಲಿ ಒಬ್ಬ ಕನ್ನಡದವನೂ ಇಲ್ಲವಲ್ಲ ಎಂದು ದುಃಖವಾಯಿತು.

ಮತ್ತೆ ನಮ್ಮ ಶೆಡ್

ಊರಿಗೆ ಬಂದ ಮೇಲೆ ಸೆಲ್ವಂಗೆ ಎಲ್ಲ ಹೇಳಿದೆ. ತಳ್ಳುಗಾಡಿ, ಮಂಚ ಮಾಡಿ ಮಾರುವುದಕ್ಕೆ ಅವನು ಒಪ್ಪಿದ, ರಸೆಲ್ ಮಾರ್ಕೆಟ್ಟಿನಲ್ಲಿ ಅವನಿಗೆ ಗುರುತಿನವರಿದ್ದರು. ಕ್ಯಾಲಿಪರಿಗೆ ಬೆಲೆ ಇಡುವ ಮಾತಿಗೆ ಮಾತ್ರ ಕಿವಿ ಮುಚ್ಚಿಕೊಂಡ. ಕೊನೆಗೆ, ಹಳಬರನ್ನೆಲ್ಲ ಒಂದು ಬುಧವಾರ ಕರೆಯೋಣ, ಅವರೇ ಏನು ಹೇಳುತ್ತಾರೋ ನೋಡೋಣ ಎಂದು ತೀರ್ಮಾನವಾಯಿತು. ಹಲಸೂರು, ಕೆ.ಆರ್. ಪುರದ ಕಡೆಗೆಲ್ಲ ಹೇಳಿ ಕಳಿಸಿದೆವು.

ಇಪ್ಪತ್ತಾರು ಜನ ಬಂದರು. ನಾನು, ಸೆಲ್ವಂ ಬೆಂಚಿನ ಮೇಲೆ ಕುಳಿತೆವು. ನಮ್ಮ ಕೆಲಸದಲ್ಲಿ ಏನು ತಪ್ಪಿದೆ ಬೈಯಿರಿ ಎಂದೆ. ಜನ ಮುಖ ಮುಖ ನೋಡಿಕೊಂಡರು. ಒಬ್ಬ ಆಟೋದವನು ಎದ್ದು, "ನೀವು ದೇವ್ರು ಸಾರ್, ದೇವ್ರನ್ನ ಯಾರಾದ್ರೂ ಬೈತಾರಾ?" ಎಂದು ಕೈ ಮುಗಿದ. ಇನ್ನೊಬ್ಬರು ಬಾಳೆಹಣ್ಣಿನ ಚಿಪ್ಪು ತಂದಿದ್ದರು, ನನ್ನ ಕಾಲ ಬಳಿ ಇಟ್ಟರು. ಮತ್ತೊಬ್ಬಳು ನಮಸ್ಕಾರ ಮಾಡಲು ಬಗ್ಗಲು ಹೋಗಿ ಮುಗ್ಗರಿಸಿದಳು. ಅರ್ಧ ಗಂಟೆ ಬರೀ ಹೊಗಳಿಕೆ. ನನಗೆ ಅಳು ಬರುವಂತಾಯಿತು. ಅದು ಸಂತೋಷದ ಅಳು ಎಂದುಕೊಂಡು ಅವರು ಇನ್ನಷ್ಟು ಹೊಗಳಿದರು.

ತಡೆಯಲಾರದೆ ಹೇಳಿಬಿಟ್ಟೆ. ಹೊರದೇಶದ ಹಣ ನಿಲ್ಲುತ್ತದೆ, ಇನ್ನು ಮುಂದೆ ಕ್ಯಾಲಿಪರಿಗೆ ಬೆಲೆ ಇರುತ್ತದೆ, ರಿಪೇರಿಗೂ ಇರುತ್ತದೆ, ಚೀಟಿ ಕಟ್ಟಿದ ಹಾಗೆ ಕಟ್ಟಬಹುದು, ಕೆಲಸ ಮಾಡಿಯೂ ತೀರಿಸಬಹುದು, ಆದರೆ ಪುಕ್ಕಟೆ ಇಲ್ಲ.

ಆಟೋದವನು ಗಡಿಯಾರ ನೋಡಿಕೊಂಡ. ಇಬ್ಬರು ಬರುತ್ತೇವೆ ಎಂದು ಎದ್ದರು. ಗೇಟಿನ ಹತ್ತಿರ ನಿಂತಿದ್ದ ತಮ್ಮ ನಾರಾಯಣ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದ. ಅವನಿಗೂ ಪಾಪ ಅನ್ನಿಸಿರಬೇಕು. ಶೆಡ್ಡಿನ ಆಯಸ್ಸು ಮುಗಿಯಿತು ಎಂದುಕೊಂಡೆ.

ಆಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಚಿಲಕ ಹಾಕಿಕೊಂಡು ಎದ್ದು ನಿಂತಳು. ಶರಣಮ್ಮ ಎಂದು ಹೆಸರು ಹೇಳಿದಳು. ಯಾದಗಿರಿ ಕಡೆಯವಳು, ಕೆ.ಆರ್. ಪುರದಲ್ಲಿ ಬಾಡಿಗೆ ರೂಮಿನಲ್ಲಿದ್ದುಕೊಂಡು ರೊಟ್ಟಿ ಬಡಿದು ಮಾರುವವಳು. ಆರು ವರ್ಷದ ಹಿಂದೆ ನಮ್ಮಲ್ಲಿ ಕ್ಯಾಲಿಪರ್ ಮಾಡಿಸಿಕೊಂಡಿದ್ದಳಂತೆ. ನನಗೆ ನೆನಪಿರಲಿಲ್ಲ.

"ರೊಕ್ಕ ತಗೋಳೋದು ಖರೇನೇನ್ರಿ?"

"ಖರೇನಮ್ಮ."

"ಹಂಗಾರ ಒಂದು ಮಾತು ಕೇಳ್ತೀನ್ರಿ. ಬೂಟು ಹಾಕ್ಕೊಂಡು ಮನಿ ಒಳಗ ಹೆಂಗ ಅಡ್ಡಾಡಬೇಕ್ರಿ?"

ನನಗೆ ಅರ್ಥವಾಗಲಿಲ್ಲ.

"ನಂದು ಒಂದೇ ಖೋಲಿ ಅದರಿ. ಅದರಾಗೇ ಒಲಿ, ಅದರಾಗೇ ದೇವ್ರು. ಬೀದ್ಯಾಗ ತುಳುದು ಬಂದ ಬೂಟು ಹಾಕ್ಕೊಂಡು ರೊಟ್ಟಿ ಬಡಿಲಿಕ್ಕಾಗ್ತದೇನ್ರಿ? ಬಾಗಲದಾಗ ಬಿಚ್ಚಿ ಇಡ್ತೀನಿ. ಬೂಟಿನ ಸಂಗಡ ಕಾಲೂ ಹೊರಗೇ ಉಳೀತದ. ಒಳಗ ನೆಲದ ಮ್ಯಾಲ ಜರಕೋತ ಅಡ್ಡಾಡ್ತೀನ್ರಿ."

ಸೆಲ್ವಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ನಾನು ಐವತ್ತೆಂಟು ವರ್ಷದಿಂದ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಮನೆಯೊಳಗೆ ಕಾಲಿಡುವವನು. ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಬಂದರೆ ನನ್ನ ಹೆಂಡತಿ ಸೌಟು ಎಸೆಯುತ್ತಾಳೆ. ಹದಿನಾಲ್ಕು ವರ್ಷ ಒಂದೊಂದು ಕ್ಯಾಲಿಪರಿಗೂ ಬೂಟು ಹೊಲಿಸಿ, ಎಲ್ಲರನ್ನೂ ನಡೆಸಿಬಿಟ್ಟೆ ಎಂದು ಮೆರೆದಿದ್ದೆ. ಅವರನ್ನು ಅವರವರ ಮನೆಯ ಬಾಗಿಲವರೆಗೆ ಮಾತ್ರ ನಡೆಸಿದ್ದೆ.

ಇನ್ನು ಯಾರು ಯಾರು ಮನೆಯೊಳಗೆ ಬಿಚ್ಚಿಡುತ್ತೀರಿ ಎಂದು ಕೇಳಿದೆ. ಹೆಂಗಸರ ಕೈಯೆಲ್ಲ ಮೇಲೆದ್ದವು. ಗಂಡಸರಲ್ಲೂ ಅರ್ಧ ಜನರ ಕೈ ಎದ್ದವು. ಬರುತ್ತೇವೆಂದು ಎದ್ದಿದ್ದ ಇಬ್ಬರು ಮತ್ತೆ ಕುಳಿತರು. ನನ್ನನ್ನು ದೇವರೆಂದಿದ್ದ ಆಟೋದವನು, "ಪಟ್ಟಿ ಬೇರೆ ಬೆವರಿಗೆ ಕೊಳೆತು ನಾರುತ್ತೆ ಗುರು, ಪ್ಯಾಸೆಂಜರ್ ಮೂಗು ಮುಚ್ಕೋತಾರೆ" ಎಂದು ಸೆಲ್ವಂನ ಮೇಲೆ ಏರಿಹೋದ. ದೇವರು ಹೋಗಿ ಗುರು ಬಂದದ್ದು ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ. ಮಧ್ಯಾಹ್ನದವರೆಗೆ ಬೈದರು. ಬರೆದುಕೊಳ್ಳಲು ಕಾಗದ ಸಾಲದೆ ನಾರಾಯಣನೇ ಅಂಗಡಿಗೆ ಹೋಗಿ ಒಂದು ನೋಟ್‌ಬುಕ್ ತಂದ. ಹನ್ನೊಂದು ಜನ ಬೆಲೆ ಕೊಟ್ಟು ಹೊಸ ಕ್ಯಾಲಿಪರ್ ಮಾಡಿಸಿಕೊಳ್ಳಲು ಹೆಸರು ಬರೆಸಿದರು.

ಶರಣಮ್ಮ ಕೊನೆಯವರೆಗೂ ಇದ್ದಳು. ಹಿಮ್ಮಡಿಯ ಹತ್ತಿರ ಸರಳು ಕಳಚಿ ಸಿಕ್ಕಿಸುವಂತೆ ಮಾಡಿ, ಹೊರಗೆ ಬೂಟು, ಒಳಗೆ ಹಗುರಾದ ಮರದ ಪಾದ ಹಾಕುವ ಯೋಚನೆಯನ್ನು ಅವಳಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಬೆಲೆ ಹೇಳಿದೆ. ಅವಳು ಅರ್ಧಕ್ಕೆ ಕೇಳಿದಳು. ನಾನು ಇಳಿದೆ, ಅವಳು ಏರಿದಳು, ವಾರಕ್ಕಿಷ್ಟು ಎಂದು ಕುದುರಿತು. ಮರದ ಪಾದಕ್ಕೆ ಬಟ್ಟೆ ಸುತ್ತಬೇಕು, ಒಲೆಯ ಹತ್ತಿರ ಜಾರಬಾರದು, ಮುಂದಿನ ಬುಧವಾರ ತಯಾರಿರಬೇಕು ಎಂದು ತಾಕೀತು ಮಾಡಿ ಎದ್ದಳು.

ಗೇಟಿನ ತನಕ ಹೋದವಳು ನಿಂತು, ತಿರುಗಿ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಆರು ವರ್ಷ ಆತ್ರಿ. ಅವಾಗೇ ಯಾಕ ರೊಕ್ಕ ಕೇಳ್ಲಿಲ್ರಿ ನೀವು? ಅವಾಗೇ ಹೇಳ್ತಿದ್ನಲ್ರಿ."